ಮೊಬೈಲ್ ಬಳಸದ ಹಿರಿಯರ ಪ್ಲಾಟ್, ಹೊಲದ ವ್ಯವಹಾರ: ದಾಖಲೆಯಲ್ಲಿ ಯಾರ ನಂಬರ್ ಇರಬೇಕು?

ಪ್ರಶ್ನೆ: ಕಲಬುರಗಿಯ ದಲ್ಲಾಳಿ

ಎಲ್ಲರಿಗೂ ನಮಸ್ಕಾರ. ನಾನು ಒಂಬತ್ತು ವರ್ಷಗಳಿಂದ ಕಲಬುರಗಿಯಲ್ಲಿ ಪ್ಲಾಟ್, ಮನೆ ಮತ್ತು ಹೊಲಗಳ ಖರೀದಿ-ಮಾರಾಟದಲ್ಲಿ ಮಧ್ಯಸ್ಥಿಕೆ ಮಾಡುತ್ತಿದ್ದೇನೆ. ನನ್ನ ಗಿರಾಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅರವತ್ತು ದಾಟಿದವರು. ಜೇವರ್ಗಿ, ಆಳಂದ, ಅಫಜಲಪುರದ ಹಳ್ಳಿಗಳ ರೈತರು, ಬ್ರಹ್ಮಪುರ ಮತ್ತು ಶಹಾಬಜಾರ್ ಕಡೆಯ ಹಳೆಯ ಮನೆಗಳ ಮಾಲೀಕರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಉಳಿದಿರುವ ತಾಯಂದಿರು ಇವರಲ್ಲಿದ್ದಾರೆ. ಹಲವರ ಬಳಿ ಫೋನೇ ಇಲ್ಲ. ಇದ್ದರೂ ಅದು ಗುಂಡಿ ಒತ್ತುವ ಸಣ್ಣ ಫೋನು, ಕರೆ ಬಂದರೆ ಎತ್ತುವುದಕ್ಕಷ್ಟೇ ಬಳಕೆಯಾಗುತ್ತದೆ.

ನಾನು ಈ ಕೆಲಸಕ್ಕೆ ಇಳಿದಾಗ ಇದು ತೊಂದರೆಯೆಂದು ಅನ್ನಿಸಿರಲಿಲ್ಲ. ಹಿರಿಯರು ತೊಗರಿ ಮಾರಲು ನೆಹರೂ ಗಂಜಿಗೆ ಬಂದ ದಿನ ಅಡತಿ ಅಂಗಡಿಯಲ್ಲಿಯೇ ಮಾತುಕತೆ ಮುಗಿಯುತ್ತಿತ್ತು, ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ವ್ಯವಹಾರವೂ ಮುಗಿಯುತ್ತಿತ್ತು. 2023ರಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ಪತ್ರದ ವಿವರ ತುಂಬುವುದು, ಶುಲ್ಕ ಕಟ್ಟುವುದು, ಕಚೇರಿಗೆ ಹೋಗುವ ಸಮಯ ಗೊತ್ತುಮಾಡುವುದು ಎಲ್ಲವೂ ಆನ್‌ಲೈನ್ ಆಯಿತು. 2024ರ ಅಕ್ಟೋಬರ್‌ನಿಂದ ಇ-ಖಾತಾ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದೆ ಪ್ಲಾಟ್ ನೋಂದಣಿಯೂ ಇಲ್ಲ. ಹೆಜ್ಜೆಹೆಜ್ಜೆಗೂ ಒಂದು ಮೊಬೈಲ್ ನಂಬರ್ ಬೇಕು, ಅದಕ್ಕೆ ಓಟಿಪಿ ಬರುತ್ತದೆ. ಗಿರಾಕಿಗಳ ಬಳಿ ಫೋನ್ ಇಲ್ಲದ ಕಾರಣ ನಾನು ನನ್ನ ನಂಬರನ್ನೇ ಕೊಡುತ್ತಾ ಬಂದೆ.

ಮೊನ್ನೆ ಸ್ಟೇಷನ್ ರಸ್ತೆಯ ಹೋಟೆಲಿನಲ್ಲಿ ಸುಸಲಾ ತಿನ್ನುತ್ತಾ ಕುಳಿತಿದ್ದಾಗ ನಾನು ಕೇಳಿರದ ಒಂದು ಓಟಿಪಿ ನನ್ನ ಫೋನಿಗೆ ಬಂದಿತು. ಅದು ಯಾವ ಆಸ್ತಿಗೆ ಸಂಬಂಧಿಸಿದ್ದು, ಯಾರು ಕೇಳಿದ್ದು ಎಂದು ನನಗೆ ತಿಳಿಯಲಿಲ್ಲ. ಮನೆಗೆ ಬಂದು ನನ್ನ ನೋಟ್‌ಬುಕ್ ತೆರೆದು ಎಣಿಸಿದೆ: ಹದಿನಾಲ್ಕು ಜನರ ಕಾಗದಪತ್ರಗಳಲ್ಲಿ ನನ್ನ ನಂಬರ್ ಇದೆ. ಇವರಲ್ಲಿ ಇಬ್ಬರು ಈಗ ಬದುಕಿಲ್ಲ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಇಂಥ ಗಿರಾಕಿಗಳ ದಾಖಲೆಯಲ್ಲಿ ಯಾರ ನಂಬರ್ ಇರುವುದು ಸರಿ? ವಾಟ್ಸ್ಆ್ಯಪ್ ಫೋಟೊ, ಗೂಗಲ್ ನಕ್ಷೆಗಳಿಲ್ಲದೆ ಅವರಿಗೆ ವ್ಯವಹಾರವನ್ನು ಮನದಟ್ಟು ಮಾಡಿಕೊಡುವ ಬಗೆ ಹೇಗೆ? ಹಾಸಿಗೆ ಹಿಡಿದವರು ಕಚೇರಿಗೆ ಬರಲಾಗದಿದ್ದಾಗ ನೀವು ಏನು ಮಾಡುತ್ತೀರಿ? ಅನುಭವಿಗಳು ದಯವಿಟ್ಟು ಬರೆಯಬೇಕು.

ಉತ್ತರ 1: ಬೀದರ್, ಮೂವತ್ತು ವರ್ಷಗಳಿಂದ ಇದೇ ವೃತ್ತಿ

ನೀವು ತಪ್ಪನ್ನು ಮುಚ್ಚಿಡದೆ ಬರೆದಿದ್ದೀರಿ, ಆದ್ದರಿಂದ ನಾನೂ ನೇರವಾಗಿ ಹೇಳುತ್ತೇನೆ. ನಂಬರಿನ ವಿಷಯದಲ್ಲಿ ನೀವು ಮಾಡಿದ್ದು ತಪ್ಪು, ಆದರೆ ನಮ್ಮ ವೃತ್ತಿಯಲ್ಲಿ ಆ ತಪ್ಪು ಮಾಡದವರು ಕಡಿಮೆ. ನಾನು ಮೂರು ವರ್ಷಗಳಿಂದ ಗಿರಾಕಿಯ ಮಗ ಅಥವಾ ಮಗಳ ನಂಬರ್ ಬರೆಸುತ್ತಿದ್ದೇನೆ.

ಮನದಟ್ಟು ಮಾಡಿಸುವ ಬಗ್ಗೆ ಕೇಳಿದ್ದೀರಿ. ಫೋನ್ ಬಳಸದವರಿಗೆ ತಿಳಿವಳಿಕೆ ಕಡಿಮೆ ಎಂಬ ಭಾವನೆಯನ್ನು ಮೊದಲು ಬಿಡಬೇಕು. ಕೆಲವು ವರ್ಷಗಳ ಹಿಂದೆ ಭಾಲ್ಕಿ ರಸ್ತೆಯ ಒಂದು ಬಡಾವಣೆಯಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬರಿಗೆ ಪ್ಲಾಟ್ ತೋರಿಸಲು ಕರೆದೊಯ್ದಿದ್ದೆ. ಅದೇ ಪ್ಲಾಟಿನ ಫೋಟೊಗಳನ್ನು ನೋಡಿ ಮೂವರು ಯುವಕರು ಆಗಲೇ ಮೆಚ್ಚಿದ್ದರು. ಈ ತಾಯಿ ಊರುಗೋಲಿನಿಂದ ಮಣ್ಣನ್ನು ಕೆದಕಿ, ಒಂದು ಹೆಂಟೆಯನ್ನು ಎತ್ತಿ ಬೆರಳಲ್ಲಿ ಪುಡಿಮಾಡಿ, "ಇದು ಎರಿ ಮಣ್ಣು ಐತಲ್ಲಪ್ಪಾ, ಪಾಯಾ ಎಷ್ಟು ಆಳ ತೆಗೀಬೇಕು? ಮಳಿ ನೀರು ಯಾವ ಕಡಿ ಹೋಗ್ತದ?" ಎಂದು ಕೇಳಿದರು. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಪಾಯ ಮೇಲ್ಮೇಲೆ ಹಾಕಿದರೆ ಗೋಡೆ ಸೀಳುತ್ತದೆ. ಆ ಮೂವರು ಯುವಕರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ನನ್ನ ಬಳಿಯೂ ಉತ್ತರ ಇರಲಿಲ್ಲ, ಆದುದರಿಂದ ಒಂದು ಮಳೆ ಬೀಳುವವರೆಗೆ ಕಾಯೋಣ ಎಂದು ನಾವಿಬ್ಬರೂ ಒಪ್ಪಿದೆವು. ಮಳೆಯ ಮರುದಿನ ಹೋಗಿ ನೋಡಿದರೆ ಪ್ಲಾಟಿನ ಮೂಡಣ ಮೂಲೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಅವರು ಬೇರೆ ಪ್ಲಾಟ್ ಕೊಂಡರು.

ಇಂಥವರನ್ನು ಜಾಗಕ್ಕೆ ಎರಡು ಸಲ ಕರೆದೊಯ್ಯಿರಿ. ಮೊದಲ ಸಲ ನೀವು ಮಾತಾಡಿ, ಎರಡನೆಯ ಸಲ ಸುಮ್ಮನಿದ್ದು ಅವರು ನೆರೆಹೊರೆಯವರ ಜೊತೆ ಮಾತಾಡಲು ಬಿಡಿ. ಚಕ್ಕುಬಂದಿಯನ್ನು ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಕೊಡಿ: ಪೂರ್ವಕ್ಕೆ ಯಾರ ಜಾಗ, ಪಶ್ಚಿಮಕ್ಕೆ ಯಾವ ರಸ್ತೆ, ಎಷ್ಟು ಅಡಿ. ಹೊಲವಾದರೆ ಬದುವಿನ ಮೇಲೆ ನಡೆದು ತೋರಿಸಿ. ಸರ್ವೆ ನಂಬರಿನಲ್ಲಿ ಒಂದು ಭಾಗವನ್ನಷ್ಟೇ ಮಾರುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕೇ ಬೇಕು, ಅದನ್ನು ಅಳೆಯಲು ಭೂಮಾಪಕರು ಬಂದ ದಿನ ಮುದುಕರನ್ನು ತಪ್ಪದೆ ಹೊಲದಲ್ಲಿ ನಿಲ್ಲಿಸಿ. ಕಲ್ಲು ಎಲ್ಲಿ ನೆಟ್ಟರು ಎಂಬುದನ್ನು ಕಣ್ಣಾರೆ ಕಂಡವರು ಅದನ್ನು ಮರೆಯುವುದಿಲ್ಲ.

ಉತ್ತರ 2: ಗಿರಾಕಿಯ ಮಗಳು, ಊರು ಕಲಬುರಗಿ, ಉದ್ಯೋಗ ಬೆಂಗಳೂರು

ಬೀದರಿನ ಹಿರಿಯರ ಮಾತನ್ನು ಗೌರವದಿಂದಲೇ ಒಂದು ಕಡೆ ಒಪ್ಪಲಾರೆ. ಮಕ್ಕಳ ನಂಬರ್ ಬರೆಸಿದರೆ ಸಮಸ್ಯೆ ತೀರಿತು ಎಂದು ಅವರು ಭಾವಿಸಿದ್ದಾರೆ.

ನನ್ನ ತಂದೆಯವರಿಗೆ ಸೇಡಂ ರಸ್ತೆಯ ಕಡೆ ಒಂದು ಪ್ಲಾಟ್ ಇದೆ. ಅದನ್ನು ಮಾರಲು ಒಬ್ಬ ದಲ್ಲಾಳಿಯವರಿಗೆ ಒಪ್ಪಿಸಿದೆವು. ಅವರು ಇ-ಖಾತಾ ಮಾಡಿಸುವಾಗ ತಮ್ಮ ನಂಬರ್ ಕೊಟ್ಟಿದ್ದಾರೆಂಬುದು ನಮಗೆ ಏಳು ತಿಂಗಳ ನಂತರ ತಿಳಿಯಿತು, ಅದೂ ನಾವು ಅವರನ್ನು ಬಿಟ್ಟು ನೇರವಾಗಿ ಒಬ್ಬ ಖರೀದಿದಾರರೊಂದಿಗೆ ಮಾತಾಡತೊಡಗಿದಾಗ. ಪ್ರತಿಯೊಂದು ಓಟಿಪಿಗೂ ಅವರನ್ನು ಬೇಡಬೇಕಾಯಿತು. ಅವರು "ಊರಲ್ಲಿಲ್ಲ", "ನೆಟ್‌ವರ್ಕ್ ಇಲ್ಲ" ಎನ್ನುತ್ತಾ ದಿನ ದೂಡಿದರು, ಕೊನೆಗೆ ಅರ್ಧ ಕಮಿಷನ್ ಒಪ್ಪಿಕೊಂಡ ಮೇಲೆ ನೆಟ್‌ವರ್ಕ್ ಬಂದಿತು. ನಮ್ಮ ಹಣವೇನೂ ಕಳುವಾಗಲಿಲ್ಲ, ಆದರೂ ತಂದೆಯವರ ಸ್ವಂತ ಪ್ಲಾಟಿನ ಬೀಗದ ಕೈ ಇನ್ನೊಬ್ಬರ ಜೇಬಿನಲ್ಲಿತ್ತು.

ಇನ್ನು ಮಕ್ಕಳ ನಂಬರಿನ ಮಾತು, ಇದು ನನ್ನ ಮೇಲೂ ನಾನೇ ಹೊರಿಸಿಕೊಳ್ಳುವ ದೂರು. ಆ ದಲ್ಲಾಳಿಯವರು ಎಲ್ಲ ವಿಷಯವನ್ನೂ ನನಗೆ ವಾಟ್ಸ್ಆ್ಯಪ್ ಮಾಡುತ್ತಿದ್ದರು, ನಾನು ಕಚೇರಿಯ ಗಡಿಬಿಡಿಯಲ್ಲಿ ಹೆಬ್ಬೆರಳಿನ ಚಿಹ್ನೆ ಒತ್ತಿ ಕಳಿಸುತ್ತಿದ್ದೆ. ಅವರು ಅದನ್ನು ತಂದೆಯವರ ಒಪ್ಪಿಗೆ ಎಂದುಕೊಂಡರು. ದರವನ್ನು ಒಂದು ಲಕ್ಷ ಇಳಿಸಿದ ಸಂಗತಿ ತಂದೆಯವರಿಗೆ ಗೊತ್ತಾದದ್ದು ಖರೀದಿದಾರರು ಮನೆಗೆ ಬಂದು ಕುಳಿತಾಗ. ಅವರು ಯಾರನ್ನೂ ಬೈಯಲಿಲ್ಲ. "ಮಾಲೀಕ ನಾನೋ ನೀನೋ?" ಎಂದು ಕೇಳಿ ಒಳಗೆ ಹೋದರು. ಹಿರಿಯರ ಕಿವಿ ಮಂದವಾಗಿದ್ದರೂ ದಯವಿಟ್ಟು ಅವರೊಂದಿಗೇ ಮಾತಾಡಿ, ನಮ್ಮೊಂದಿಗೆ ಮಾತಾಡುವುದು ಅದರ ನಂತರ ಸಾಕು.

ಉತ್ತರ 3: ಯಾದಗಿರಿ, ವಕೀಲರು

ಸಹೋದರಿಯವರು ಹೇಳಿದ್ದು ನಿಜ. ನನ್ನ ಬಳಿ ಬರುವ ಆಸ್ತಿ ವ್ಯಾಜ್ಯಗಳಲ್ಲಿ ದಲ್ಲಾಳಿಗಿಂತ ಮಕ್ಕಳೇ ಎದುರುವಾದಿಗಳಾಗಿರುವುದು ಹೆಚ್ಚು. ನಂಬರ್ ಮಾಲೀಕರದ್ದೇ ಆಗಿರಬೇಕು. ಇದಕ್ಕೆ ಸ್ಮಾರ್ಟ್‌ಫೋನ್ ಬೇಕಿಲ್ಲ ಎಂಬುದನ್ನು ಎಲ್ಲರೂ ಮರೆತಂತಿದೆ. ಓಟಿಪಿ ಎಂಬುದು ಒಂದು ಸಾದಾ ಸಂದೇಶ, ಗುಂಡಿ ಒತ್ತುವ ಫೋನಿಗೂ ಬರುತ್ತದೆ. ಮಾಲೀಕರ ಹೆಸರಿನಲ್ಲಿಯೇ ಸಿಮ್ ತೆಗೆಸಿ, ಅದನ್ನು ಆಧಾರ್‌ಗೂ ಜೋಡಿಸಿ, ಸಂದೇಶ ಬಂದಾಗ ಅವರ ಎದುರಿನಲ್ಲಿಯೇ ಯಾರಾದರೂ ಅಂಕಿಗಳನ್ನು ಓದಿ ಹೇಳಿದರೆ ಆಯಿತು. ಆ ಸಿಮ್ಮಿಗೆ ತಪ್ಪದೆ ರೀಚಾರ್ಜ್ ಮಾಡಿಸಬೇಕು. ಮೂರು ತಿಂಗಳು ಬಳಕೆಯಾಗದೆ ಬಿದ್ದ ನಂಬರನ್ನು ಕಂಪನಿಯವರು ಮುಚ್ಚಿ, ಮುಂದೆ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಗಿರಾಕಿಯ ಓಟಿಪಿ ಗುರುತೇ ಇಲ್ಲದವರ ಫೋನಿಗೆ ಹೋಗುತ್ತದೆ.

ಕಚೇರಿಗೆ ಬರಲಾಗದವರ ಬಗ್ಗೆ: 1908ರ ನೋಂದಣಿ ಕಾಯ್ದೆಯಲ್ಲಿಯೇ ದಾರಿ ಇದೆ, ನಮ್ಮ ಜನ ಅದನ್ನು ಕೇಳುವುದಿಲ್ಲ. ವಿಶೇಷ ಕಾರಣವಿದ್ದರೆ ನೋಂದಣಾಧಿಕಾರಿಯವರು ಮನೆಗೇ ಬಂದು ಪತ್ರ ಸ್ವೀಕರಿಸಲು 31ನೆಯ ಕಲಮು ಅವಕಾಶ ಕೊಡುತ್ತದೆ. ದೈಹಿಕ ಅಶಕ್ತತೆಯಿಂದ ಕಚೇರಿಗೆ ಬರಲಾಗದವರನ್ನು ಅಧಿಕಾರಿಯವರು ಸ್ವತಃ ಹೋಗಿ ಅಥವಾ ತಮ್ಮ ಪರವಾಗಿ ಒಬ್ಬರನ್ನು ನೇಮಿಸಿ ಕಳಿಸಿ (ಕಾನೂನಿನಲ್ಲಿ ಇದಕ್ಕೂ ಕಮಿಷನ್ ಎನ್ನುತ್ತಾರೆ) ವಿಚಾರಿಸಬೇಕೆಂದು 38ನೆಯ ಕಲಮು ಹೇಳುತ್ತದೆ. ವೈದ್ಯರ ಪ್ರಮಾಣಪತ್ರದೊಂದಿಗೆ ಅರ್ಜಿ ಕೊಟ್ಟು, ನಿಗದಿತ ಶುಲ್ಕ ಕಟ್ಟಬೇಕು. ಪತ್ರಕ್ಕೆ ಸಹಿಯಾದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬಹುದಾದ್ದರಿಂದ ಗಡಿಬಿಡಿಯೂ ಬೇಕಿಲ್ಲ. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯ ಯಾವುದೇ ಉಪ ನೋಂದಣಿ ಕಚೇರಿಯಲ್ಲಿ ನೋಂದಾಯಿಸಲು ಬರುತ್ತದೆ. ಹಿರಿಯರ ಮನೆಗೆ ಹತ್ತಿರವಿರುವ, ಮೆಟ್ಟಿಲು ಹತ್ತಬೇಕಿಲ್ಲದ ಕಚೇರಿಯನ್ನು ಆರಿಸಿಕೊಳ್ಳಿ.

ಇದರ ಬದಲು ದಲ್ಲಾಳಿಯ ಹೆಸರಿಗೆ ಜಿಪಿಎ, ಅಂದರೆ ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಬರೆಸಿಕೊಳ್ಳುವ ರೂಢಿಯಿದೆ. ದಯವಿಟ್ಟು ಆ ಗೊಡವೆಗೆ ಹೋಗಬೇಡಿ. ಜಿಪಿಎ ಮತ್ತು ಕರಾರಿನ ಮೇಲಷ್ಟೇ ಆದ ಮಾರಾಟದಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅಲ್ಲದೆ ಓದು ಬಾರದ ಹಿರಿಯರಿಂದ ಅವರ ನಂಬಿಕೆಯ ವ್ಯಕ್ತಿಯೇ ಲಾಭದ ಪತ್ರ ಬರೆಸಿಕೊಂಡರೆ, ಅವರು ತಿಳಿದೇ ಹೆಬ್ಬೆಟ್ಟು ಒತ್ತಿದರೆಂದು ಸಾಬೀತುಪಡಿಸುವ ಭಾರ ನ್ಯಾಯಾಲಯದಲ್ಲಿ ಆ ವ್ಯಕ್ತಿಯ ಮೇಲೆಯೇ ಬೀಳುತ್ತದೆ. ಪತ್ರದ ಕೊನೆಯಲ್ಲಿ "ಓದಿ ಹೇಳಿಸಿ, ತಿಳಿದು ಒಪ್ಪಿರುತ್ತೇನೆ" ಎಂಬ ಸಾಲು ಇದ್ದರೆ ಸಾಲದು, ನಿಜವಾಗಿಯೂ ಓದಿ ಹೇಳಬೇಕು, ಹೇಳಿದವರು ಸಾಕ್ಷಿಯಾಗಿ ಸಹಿ ಮಾಡಬೇಕು, ಮತ್ತು ಅವರು ದಲ್ಲಾಳಿಯ ಕಡೆಯವರಾಗಿರಬಾರದು.

ನಮ್ಮ ಭಾಗದ ಹೊಲಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ. ಓದು ಬಾರದ ರೈತರು "ಇದು ನಮ್ಮಪ್ಪನ ಹೊಲ" ಎಂದಷ್ಟೇ ಹೇಳುತ್ತಾರೆ. ಮಂಜೂರಾತಿಯ ಕಾಗದ ಸಂದೂಕಿನಲ್ಲಿ ಇರುತ್ತದೆ, ಅದನ್ನು ಕೇಳಿ ನೋಡುವುದು ನಿಮ್ಮ ಕೆಲಸ.

ಉತ್ತರ 4: ಸೇಡಂ, ನಿವೃತ್ತ ಶಿಕ್ಷಕ (ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ)

ನೀವೆಲ್ಲ ನಮ್ಮ ಬಗ್ಗೆ ಮಾತಾಡುತ್ತಿದ್ದೀರಿ, ನಮ್ಮವರೊಬ್ಬರೂ ಇಲ್ಲಿಲ್ಲ ಎಂದು ಮೊಮ್ಮಗಳು ಓದಿ ಹೇಳಿದಳು. ನನ್ನದು ಸ್ವಲ್ಪವೇ ಇದೆ. ನಾನು ಮೂವತ್ತಾರು ವರ್ಷ ಗಣಿತ ಕಲಿಸಿದ್ದೇನೆ, ಫೋನ್ ಕಲಿಯಲಾರೆನೆಂದಲ್ಲ, ಬೇಡವೆಂದು ಬಿಟ್ಟಿದ್ದೇನೆ. ದಲ್ಲಾಳಿಯವರು ಬಂದಾಗ ಹೇಳಿದ ದರ, ತೆಗೆದುಕೊಳ್ಳುವ ಕಮಿಷನ್, ಮುಂದಿನ ಭೇಟಿಯ ದಿನ, ಈ ಮೂರನ್ನು ಒಂದು ಚೀಟಿಯಲ್ಲಿ ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದು ಸಹಿ ಮಾಡಿ ಕೊಟ್ಟು ಹೋಗಲಿ. ಸುದ್ದಿಯಿದ್ದರೆ ಐವತ್ತು ಪೈಸೆಯ ಪೋಸ್ಟ್ ಕಾರ್ಡ್ ಹಾಕಲಿ, ಈಗಲೂ ಬರುತ್ತದೆ. ನನಗೆ ಪ್ಲಾಟ್ ಕೊಡಿಸಿದ ಹುಡುಗ ಹೀಗೆಯೇ ಮಾಡಿದ್ದ. ಅವನ ಹದಿನೇಳು ಕಾರ್ಡುಗಳು ನನ್ನ ಖರೀದಿ ಪತ್ರದ ಜೊತೆಗೇ ಇವೆ.

ಉತ್ತರ 5: ಕಲಬುರಗಿ, ಪತ್ರ ಬರಹಗಾರ

ವಕೀಲರು ಹೇಳಿದ್ದಕ್ಕೆ ನನ್ನ ಮೇಜಿನ ಮೇಲೆ ದಿನವೂ ಕಾಣುವ ಸಂಗತಿಗಳನ್ನು ಸೇರಿಸುತ್ತೇನೆ.

ಹಿರಿಯರ ಕೆಲಸ ನಿಲ್ಲುವುದು ಫೋನಿನಿಂದಲ್ಲ, ಹೆಸರಿನಿಂದ. ಪಹಣಿಯಲ್ಲಿ ಶರಣಪ್ಪ, ಆಧಾರ್‌ನಲ್ಲಿ ಶರಣಬಸಪ್ಪ, ಹಳೆಯ ಖರೀದಿ ಪತ್ರದಲ್ಲಿ ಉರ್ದುವಿನಲ್ಲಿ ಬರೆದ ಮೂರನೆಯದೊಂದು ರೂಪ. ನಿಜಾಮರ ಕಾಲದ ಕಾಗದಗಳಲ್ಲಿ ಇಸವಿ ಫಸಲಿ ಎಂಬ ಹಳೆಯ ಕಂದಾಯ ವರ್ಷದಲ್ಲಿರುತ್ತದೆ, ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ: ಫಸಲಿ 1348 ಎಂದರೆ ಸುಮಾರು 1938-39. 1954-55ರ ಖಾಸ್ರಾ ಪಹಣಿಯನ್ನು ಈಗಲೂ ಮೂಲ ದಾಖಲೆಯೆಂದು ಕೇಳುತ್ತಾರೆ. ಇವನ್ನು ಓದಬಲ್ಲವರು ಊರಿನಲ್ಲಿ ಕಡಿಮೆಯಾಗುತ್ತಿದ್ದಾರೆ, ಆದರೆ ನಿಮ್ಮ ಆ ಗಿರಾಕಿಗಳಲ್ಲಿಯೇ ಉರ್ದು ಮಾಧ್ಯಮದಲ್ಲಿ ಓದಿದವರು ಇರಬಹುದು. ನಾನು ಒಮ್ಮೆ ಮೂರು ದಿನ ತಡಕಾಡಿದ ಕಾಗದವನ್ನು ಅದರ ಮಾಲೀಕರಾದ ಎಂಬತ್ತೆರಡು ವರ್ಷದ ಮುತ್ಯಾ ಕನ್ನಡಕ ಏರಿಸಿ ಐದು ನಿಮಿಷದಲ್ಲಿ ಓದಿ ಮುಗಿಸಿದರು. "ಮೊದಲ ನನ್ನನ್ನ ಕೇಳ್ಬೇಕಿತ್ತಲ್ಲಾ" ಎಂದರು.

ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., 2004ರ ಏಪ್ರಿಲ್ ನಂತರದ್ದು ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದಕ್ಕಿಂತ ಹಿಂದಿನದನ್ನು ಕಚೇರಿಯ ಹಳೆಯ ಪುಸ್ತಕಗಳಿಂದ ತೆಗೆಸಬೇಕು. ಹಳೆಯ ಆಸ್ತಿಗಳಲ್ಲಿ ಮುಖ್ಯವಾದದ್ದು ಈ ಎರಡನೆಯದೇ, ಮೊಬೈಲಿನಲ್ಲಿ ಇ.ಸಿ. ತೋರಿಸಿ "ಎಲ್ಲ ಸರಿ ಇದೆ" ಎನ್ನುವವರು ಇದನ್ನು ಹೇಳುವುದಿಲ್ಲ.

ಖರ್ಚಿನ ಲೆಕ್ಕವನ್ನೂ ಚೀಟಿಯಲ್ಲಿ ಬರೆಯಿರಿ. ನಗರದೊಳಗಿನ ಪ್ಲಾಟಿಗೆ ಮುದ್ರಾಂಕ ಶುಲ್ಕ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ. 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಇಪ್ಪತ್ತು ಲಕ್ಷದ ಪ್ಲಾಟಾದರೆ 1,12,000 ಮತ್ತು 40,000, ಒಟ್ಟು 1,52,000 ರೂಪಾಯಿ. ಈ ಹಣ ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಹೋಗುತ್ತದೆ. "ಆಫೀಸಿನ ಖರ್ಚು ಎರಡೂವರೆ ಲಕ್ಷ" ಎಂದು ಹಿರಿಯರಿಂದ ನಗದು ಎಣಿಸಿಕೊಂಡವರನ್ನು ನಾನು ಕಂಡಿದ್ದೇನೆ. ಶುಲ್ಕ ಕಟ್ಟಿದ ರಸೀದಿಯನ್ನು ಮುದ್ರಿಸಿ ಅವರ ಕೈಗೆ ಕೊಟ್ಟರೆ ಅಂಥವರಿಗೆ ಜಾಗ ಉಳಿಯುವುದಿಲ್ಲ. ಬಯಾನಾ ಹಣವನ್ನೂ ನಗದಿನಲ್ಲಿ ಕೊಡಿಸಬೇಡಿ. ಆಸ್ತಿಯ ಮುಂಗಡವನ್ನು ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ತಡೆಯಿದೆ, ಚೆಕ್ ಅಥವಾ ಡಿಡಿ ಆದರೆ ಯುಪಿಐ ಗೊತ್ತಿಲ್ಲದವರಿಗೂ ಅನುಕೂಲ.

ಕೊನೆಯದಾಗಿ ಬೆರಳಚ್ಚು. ನೋಂದಾಯಿತ ಪತ್ರಗಳ ಪ್ರತಿಯಿಂದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಮೂಲಕ ಬ್ಯಾಂಕ್ ಖಾತೆಯಿಂದ ಹಣ ತೆಗೆದರೆಂಬ ದೂರುಗಳು 2023ರಲ್ಲಿ ಬೆಂಗಳೂರಿನಲ್ಲಿ ಬಂದಿದ್ದವು. ಆಧಾರ್ ಕೇಂದ್ರಕ್ಕೆ ಹೋಗಿ ಬಯೋಮೆಟ್ರಿಕ್ ಲಾಕ್, ಅಂದರೆ ಬೆರಳಚ್ಚಿನ ಬಳಕೆಗೆ ಬೀಗ, ಮಾಡಿಸಬಹುದು. ಆದರೆ ರೇಷನ್ ಅಂಗಡಿಯಲ್ಲಿ ಬೆರಳು ಒತ್ತಬೇಕಾದಾಗ ಅದನ್ನು ತೆರೆಸಬೇಕಾಗುತ್ತದೆ, ಇದನ್ನು ಮೊದಲೇ ತಿಳಿಸದಿದ್ದರೆ ಅವರು ರೇಷನ್ ಅಂಗಡಿಯಿಂದ ಬರಿಗೈಯಲ್ಲಿ ಮರಳಿ ಬಂದು ನಿಮ್ಮನ್ನೇ ಬೈಯುತ್ತಾರೆ. ಇದು ನನಗೆ ಆದದ್ದು.

ಪ್ರಶ್ನೆ ಕೇಳಿದವರ ಮರುಬರಹ, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಹದಿನಾಲ್ಕರಲ್ಲಿ ಏಳು ಜನರ ಕೆಲಸ ಮುಗಿದಿದೆ. ಐವರಿಗೆ ಅವರ ಹೆಸರಿನಲ್ಲಿಯೇ ಸಿಮ್ ತೆಗೆಸಿ ಗುಂಡಿ ಫೋನ್ ಕೊಡಿಸಿದೆವು. ಇಬ್ಬರಿಗೆ ಹಳೆಯ ಸಿಮ್ ಇತ್ತು, ರೀಚಾರ್ಜ್ ಮಾತ್ರ ನಿಂತಿತ್ತು. ದಾಖಲೆಗಳಲ್ಲಿ ನಂಬರ್ ಬದಲಾಯಿಸಲು ಪಾಲಿಕೆಗೂ ಪಂಚಾಯತಿಗೂ ಅವರನ್ನೇ ಕರೆದೊಯ್ದು ಅರ್ಜಿ ಕೊಡಿಸಿದೆ. ತೀರಿಹೋದ ಇಬ್ಬರ ಮನೆಗಳಿಗೆ ಹೋಗಿ, ನನ್ನ ನಂಬರ್ ಇರುವ ಕಾಗದಗಳ ಪಟ್ಟಿಯನ್ನು ವಾರಸುದಾರರೆಲ್ಲರ ಎದುರು ಓದಿ ಒಪ್ಪಿಸಿದೆ. ಒಂದು ಮನೆಯಲ್ಲಿ ಅಣ್ಣತಮ್ಮಂದಿರಿಗೆ ಆ ಪ್ಲಾಟ್ ಇರುವುದೇ ಗೊತ್ತಿರಲಿಲ್ಲ.

ಶಹಾಬಜಾರಿನ ಒಬ್ಬ ಆಯಿ ಮಾತ್ರ ಒಪ್ಪುತ್ತಿಲ್ಲ. "ಮೊಬೈಲ್ ನಂಗ್ಯಾಕಪ್ಪಾ, ನಿನ್ನ ನಂಬರೇ ಇರ್ಲಿ, ನೀ ನನ್ನ ಮಗ ಇದ್ದಂಗ" ಎನ್ನುತ್ತಾರೆ. ಅವರಿಗೆ ಮಕ್ಕಳಿಲ್ಲ. ಇವರ ವಿಷಯದಲ್ಲಿ ಏನು ಮಾಡಲಿ?

ಉತ್ತರ 6: ಯಾದಗಿರಿ, ವಕೀಲರು

ಆ ಮಾತು ಅವರ ಪ್ರೀತಿ, ಅದರ ಮೇಲೆ ಸಹಿ ಹಾಕಬೇಡಿ. ಗುಂಡಿ ಫೋನನ್ನು ನೀವೇ ತಂದು ಅವರ ಸಂದೂಕಿನಲ್ಲಿ ಖರೀದಿ ಪತ್ರದ ಪಕ್ಕದಲ್ಲಿ ಇಡಿಸಿ. ತಿಂಗಳಿಗೊಮ್ಮೆ ಹೋಗಿ ಅದನ್ನು ಚಾರ್ಜ್ ಮಾಡಿ, ಒಂದು ಕರೆ ಹಚ್ಚಿ, ಚಹಾ ಕುಡಿದು ಬನ್ನಿ.